ಹಾಲು ಬಿಟ್ಟ ಹಸುಗೂಸು: ನವಜಾತ ಶಿಶುಗಳ ರಕ್ತದ ಸೋಂಕಿನ ಕುರಿತು ಚರ್ಚೆ

ಬಯಲುಸೀಮೆ_ಓದುಗಿ

ನನ್ನ ಚಿಕ್ಕಪ್ಪನ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಧಿಗೆ ಸ್ವಲ್ಪ ಮುಂಚೆಯೇ ಹೆರಿಗೆಯಾದ ಕಾರಣ ಮಗುವಿನ ತೂಕ ಕಡಿಮೆಯಿತ್ತು. ಆದರೂ ಹಾಲು ಕುಡಿಯುತ್ತಿತ್ತು, ಚೆನ್ನಾಗಿ ಅಳುತ್ತಿತ್ತು, ಹೀಗಾಗಿ ಮನೆಯವರೆಲ್ಲ ನೆಮ್ಮದಿಯಾಗಿದ್ದರು. ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಮಗು ಮೊಲೆಯನ್ನು ಬಾಯಲ್ಲಿ ಇಟ್ಟುಕೊಂಡು ಸುಮ್ಮನಿತ್ತೇ ಹೊರತು ಚೀಪಲಿಲ್ಲ. ಮೈ ಸುಡುತ್ತಿರಲಿಲ್ಲ, ಬದಲಿಗೆ ಅಂಗಾಲು ತಣ್ಣಗಿತ್ತು. ಜ್ವರವಿಲ್ಲವಲ್ಲ ಎಂದು ಹಿರಿಯರು ದೃಷ್ಟಿ ತೆಗೆದರು, ಬಜೆ ತೇಯ್ದು ನಾಲಿಗೆಗೆ ಸವರಿದರು. ಸಂಜೆಯ ಹೊತ್ತಿಗೆ ಮಗು ಕಣ್ಣು ಬಿಡುವುದೇ ಕಷ್ಟವಾಯಿತು. ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ರಕ್ತದಲ್ಲಿ ಸೋಂಕು ಎಂದು ಹೇಳಿ ಚಿಕಿತ್ಸೆ ಕೊಟ್ಟರು. ಈಗ ಮಗು ಮನೆಯಲ್ಲಿದೆ, ತೂಕವೂ ಏರುತ್ತಿದೆ.

ಈ ಘಟನೆಯಾದ ಮೇಲೆ ನನ್ನನ್ನು ಕೆಲವು ಪ್ರಶ್ನೆಗಳು ಬಿಡದೆ ಕಾಡುತ್ತಿವೆ. ಸೋಂಕಿದ್ದರೂ ಜ್ವರ ಏಕೆ ಬರಲಿಲ್ಲ? ರಕ್ತದ ಕಲ್ಚರ್ ವರದಿಯಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ ಎಂದು ಬಂದರೂ ಪ್ರತಿಜೀವಕದ (ಆಂಟಿಬಯೋಟಿಕ್) ಇಂಜೆಕ್ಷನ್‌ಗಳನ್ನು ಮುಂದುವರಿಸಿದ್ದೇಕೆ? ಮನೆಯಲ್ಲಿ ಎಲ್ಲರೂ ಅಷ್ಟು ಜೋಪಾನವಾಗಿ ನೋಡಿಕೊಂಡ ಮಗುವಿಗೆ ಈ ಸೋಂಕು ಬಂದದ್ದಾದರೂ ಎಲ್ಲಿಂದ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಶಿಶುವೈದ್ಯ_ಮೈಸೂರು

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಮನೆಯವರು ತಿಳಿದಿರಲೇಬೇಕಾದ ಸಂಗತಿ ಅದರಲ್ಲಿದೆ. ಜ್ವರವೆಂಬುದು ದೇಹವು ಸೋಂಕಿಗೆ ತೋರುವ ಪ್ರತಿಕ್ರಿಯೆ. ನಮ್ಮಂಥ ದೊಡ್ಡವರ ದೇಹಕ್ಕೆ ಆ ಶಕ್ತಿಯಿದೆ. ಹಸುಗೂಸಿಗೆ, ಅದರಲ್ಲೂ ತೂಕ ಕಡಿಮೆಯಿರುವ ಅಥವಾ ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ, ಮೈಯ ಶಾಖವನ್ನು ಹೆಚ್ಚಿಸಿಕೊಳ್ಳುವುದು ಹಾಗಿರಲಿ, ಇದ್ದ ಶಾಖವನ್ನು ಉಳಿಸಿಕೊಳ್ಳುವುದೇ ಕಷ್ಟ. ಆದ್ದರಿಂದ ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದಾಗ ಕೆಲವು ಮಕ್ಕಳ ಮೈ ಬಿಸಿಯಾದರೆ ಇನ್ನು ಕೆಲವರ ಮೈ ತಣ್ಣಗಾಗುತ್ತದೆ, ಮತ್ತು ಈ ಎರಡೂ ಸಮಾನವಾಗಿ ಅಪಾಯದ ಸೂಚನೆಗಳೇ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಂದರೂ, 35.5ಕ್ಕಿಂತ ಕಡಿಮೆ ಬಂದರೂ ಆ ಮಗುವನ್ನು ಆಸ್ಪತ್ರೆಗೆ ಕರೆತರಬೇಕು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇವು 99.5 ಮತ್ತು 95.9.

ಎರಡು ತಿಂಗಳೊಳಗಿನ ಮಗುವಿನಲ್ಲಿ ಗಮನಿಸಬೇಕಾದ ಇತರ ಸೂಚನೆಗಳೂ ಇಷ್ಟೇ ಮೌನವಾದವು: ಹಾಲು ಚೀಪದಿರುವುದು, ಮುಟ್ಟಿ ಎಬ್ಬಿಸಿದರಷ್ಟೇ ಕೈಕಾಲು ಆಡಿಸುವುದು ಅಥವಾ ಆಗಲೂ ಆಡಿಸದಿರುವುದು, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವುದು, ಉಸಿರೆಳೆದಾಗ ಎದೆಯ ಕೆಳಭಾಗ ಆಳವಾಗಿ ಒಳಕ್ಕೆ ಹೋಗುವುದು, ಫಿಟ್ಸ್ ಬರುವುದು. ಇವುಗಳಲ್ಲಿ ಒಂದೇ ಒಂದು ಕಂಡರೂ ಸಾಕು, ಎರಡನೆಯದಕ್ಕಾಗಿ ಕಾಯಬಾರದು. ನಿನ್ನೆಯವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಮಗು ಇವತ್ತು ಕುಡಿಯುತ್ತಿಲ್ಲವೆಂದರೆ ಅದನ್ನು ಮಗುವಿನ ಹಟವೆಂದೋ ದೃಷ್ಟಿಯೆಂದೋ ಭಾವಿಸದೆ, ಕಾಯಿಲೆಯೆಂದೇ ಭಾವಿಸಿ ಅದೇ ಗಂಟೆಯಲ್ಲಿ ಹೊರಡಬೇಕು. ಈ ಕಾಯಿಲೆಯಲ್ಲಿ ಬೆಳಿಗ್ಗೆಗೂ ಸಂಜೆಗೂ ನಡುವೆ ಬಹಳ ದೊಡ್ಡ ಅಂತರವಿದೆ.

ಸೋಂಕು ಎಲ್ಲಿಂದ ಬಂತು ಎಂಬುದು ಅದು ಯಾವಾಗ ಬಂತು ಎಂಬುದರ ಮೇಲೆ ನಿಂತಿದೆ. ಹುಟ್ಟಿದ 72 ಗಂಟೆಗಳೊಳಗೆ ಕಾಣಿಸಿಕೊಂಡರೆ ಅದು ಸಾಮಾನ್ಯವಾಗಿ ಹೆರಿಗೆಯ ಸಮಯದಲ್ಲಿ ತಾಯಿಯಿಂದ ಅಥವಾ ಹೆರಿಗೆ ಕೋಣೆಯಿಂದ ಬಂದದ್ದು. ನೀರು ಒಡೆದು ಬಹಳ ಹೊತ್ತಾಗಿದ್ದರೆ, ಆ ನೀರಿಗೆ ದುರ್ವಾಸನೆಯಿದ್ದರೆ, ತಾಯಿಗೆ ಜ್ವರವಿದ್ದರೆ, ಮತ್ತೆ ಮತ್ತೆ ಒಳಪರೀಕ್ಷೆ ಮಾಡಿದ್ದರೆ ಇದರ ಸಾಧ್ಯತೆ ಹೆಚ್ಚು. ಅದಾದ ಮೇಲೆ ಬಂದದ್ದು ಹೆಚ್ಚಾಗಿ ಸುತ್ತಲಿನ ಪರಿಸರದ್ದು: ಮುಟ್ಟುವ ಕೈ, ಹೊಕ್ಕುಳು, ಹಾಲು ಕುಡಿಸುವ ಬಾಟಲಿ, ಆಸ್ಪತ್ರೆಯಲ್ಲಿದ್ದ ಮಗುವಾದರೆ ಅಲ್ಲಿನ ಸೂಜಿ, ನಳಿಕೆ, ಹಾಸಿಗೆ.

ರಾತ್ರಿಪಾಳಿ_ದಾದಿ

ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಯ ಪ್ರಶ್ನೆಗೆ ನಾನು ಬರೆಯಬಹುದು ಎನಿಸುತ್ತದೆ, ಏಕೆಂದರೆ ಆ ರಕ್ತ ತೆಗೆಯುವ ಕೆಲಸದಲ್ಲಿ ನನ್ನ ಪಾಲು ಇರುತ್ತದೆ.

ಒಂದೂವರೆ ಕೆ.ಜಿ. ತೂಗುವ ಮಗುವಿನ ಇಡೀ ಮೈಯಲ್ಲಿರುವ ರಕ್ತ ಸುಮಾರು 130 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟದಷ್ಟು. ಕಲ್ಚರ್ ಬಾಟಲಿಗೆ ಕನಿಷ್ಠ 1 ಮಿಲಿಲೀಟರ್ ಬೇಕು. ಮುಂಗೈಯ ಮೇಲಿನ ನಾಳ ದಾರದಷ್ಟು ತೆಳುವಾಗಿರುತ್ತದೆ, ಮಗು ತಣ್ಣಗಾಗಿದ್ದರೆ ಅದೂ ಮುದುಡಿಕೊಂಡಿರುತ್ತದೆ. ಚರ್ಮವನ್ನು ಆಂಟಿಸೆಪ್ಟಿಕ್‌ನಿಂದ ಒರೆಸಿ, ಅದು ಪೂರ್ತಿ ಒಣಗುವವರೆಗೆ ಕಾದು, ಮತ್ತೆ ಆ ಜಾಗವನ್ನು ಬೆರಳಿನಿಂದ ಮುಟ್ಟದೆ ಸೂಜಿ ಹಾಕಬೇಕು. ಹನಿ ಹನಿಯಾಗಿ ಬರುವ ರಕ್ತ ಅರ್ಧ ಮಿಲಿಲೀಟರ್‌ಗೇ ನಿಂತುಹೋಗುವುದುಂಟು. ಅಷ್ಟು ಕಡಿಮೆ ರಕ್ತದಲ್ಲಿ ಬ್ಯಾಕ್ಟೀರಿಯಾ ವಿರಳವಾಗಿದ್ದರೆ ಕಲ್ಚರ್ ಬೆಳೆಯದೇ ಹೋಗಬಹುದು. ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ಮೊದಲೇ ಒಂದೆರಡು ಡೋಸ್ ಪ್ರತಿಜೀವಕ ಕೊಟ್ಟು ಕಳುಹಿಸಿದ್ದರೂ ಅಷ್ಟೇ. ಹೀಗಾಗಿ ವರದಿ ನೆಗೆಟಿವ್ ಎಂದಾಕ್ಷಣ ಸೋಂಕೇ ಇರಲಿಲ್ಲ ಎಂದು ಅರ್ಥವಲ್ಲ. ವೈದ್ಯರು ಮಗುವಿನ ಸ್ಥಿತಿ, ಸಿಆರ್‌ಪಿ (ಸೋಂಕಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್), ರಕ್ತಕಣಗಳ ಎಣಿಕೆ, ಬೆನ್ನುಹುರಿಯ ದ್ರವದ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ನೋಡಿ ತೀರ್ಮಾನಿಸುತ್ತಾರೆ.

ಇನ್ನೊಂದು ಮಾತು. ಘಟಕದ ಬಾಗಿಲಲ್ಲಿ ನಾವು ಬಳೆ, ಉಂಗುರ, ವಾಚು ತೆಗೆಸಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ ಎಂದಾಗ ಕೆಲವು ಅಜ್ಜಿಯರಿಗೆ ಬೇಸರವಾಗುತ್ತದೆ. ಮುತ್ತೈದೆಯರ ಬಳೆ ತೆಗೆಸುವುದು ನಮಗೂ ಹಿತವಾದ ಕೆಲಸವಲ್ಲ. ಆದರೆ ಬಳೆಯ ಸಂದಿಯಲ್ಲಿ, ಉಂಗುರದ ಕೆಳಗೆ ತೇವ ಉಳಿಯುತ್ತದೆ, ಮತ್ತು ಈ ಮಕ್ಕಳನ್ನು ಕೊಲ್ಲುವ ಬ್ಯಾಕ್ಟೀರಿಯಾಗಳಿಗೆ ತೇವವೇ ನೆಲೆ. ಸಿಂಕಿನ ಅಂಚು, ಆಮ್ಲಜನಕದ ಹ್ಯೂಮಿಡಿಫೈಯರ್‌ನ ನೀರು, ಹೀರುನಳಿಕೆ ತೊಳೆಯುವ ಬಟ್ಟಲು, ತೆರೆದು ಇಟ್ಟ ಸಲೈನ್ ಬಾಟಲಿ, ಇಂಥ ಕಡೆಯೇ ಅವು ಸಿಗುತ್ತವೆ. ಇದನ್ನು ಪಾಲಕರಿಗೆ ಹೇಳುವಷ್ಟೇ ಗಟ್ಟಿಯಾಗಿ ನಮ್ಮ ಸಿಬ್ಬಂದಿಗೂ ಹೇಳಬೇಕು. ಒಬ್ಬ ದಾದಿ ಒಂದೇ ಪಾಳಿಯಲ್ಲಿ ಎಂಟು ಹತ್ತು ಮಕ್ಕಳನ್ನು ನೋಡಿಕೊಳ್ಳಬೇಕಾದಾಗ, ಪ್ರತಿ ಮಗುವಿನ ನಡುವೆ ಕೈ ತೊಳೆಯುವ ನಿಯಮ ಗೋಡೆಯ ಮೇಲಿನ ಚಾರ್ಟಿನಲ್ಲಿ ಉಳಿಯುತ್ತದೆ. ಈ ಬಗ್ಗೆ ಯಾರೂ ಮಾತಾಡುವುದಿಲ್ಲ ಎಂಬುದು ನನ್ನ ನಿಜವಾದ ನೋವು.

ಸೂಕ್ಷ್ಮದರ್ಶಿ

ದಾದಿಯವರ ಮಾತಿಗೆ ಪ್ರಯೋಗಾಲಯದ ಕಡೆಯಿಂದ ನನ್ನ ದನಿಗೂಡಿಸುತ್ತೇನೆ. ದೆಹಲಿಯ ಮೂರು ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದು 2016ರಲ್ಲಿ ಪ್ರಕಟವಾದ ‘ಡೆನಿಸ್’ ಅಧ್ಯಯನವನ್ನು ಈ ವಿಷಯದಲ್ಲಿ ಆಸಕ್ತಿಯಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ತೀವ್ರ ನಿಗಾ ಘಟಕಗಳಿಗೆ ದಾಖಲಾದ 13,530 ಶಿಶುಗಳನ್ನು ಅದರಲ್ಲಿ ಗಮನಿಸಲಾಯಿತು. ಅವರಲ್ಲಿ ನೂರಕ್ಕೆ 14ಕ್ಕೂ ಹೆಚ್ಚು ಮಕ್ಕಳಿಗೆ ಸೆಪ್ಸಿಸ್, ಅಂದರೆ ನಾವು ಇಲ್ಲಿ ಮಾತಾಡುತ್ತಿರುವ ರಕ್ತದ ಸೋಂಕು ಇತ್ತು. ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದ ಮಕ್ಕಳ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳು ಉಳಿಯಲಿಲ್ಲ. ಸಿಕ್ಕಿದ ಬ್ಯಾಕ್ಟೀರಿಯಾಗಳಲ್ಲಿ ಅಸಿನೆಟೊಬ್ಯಾಕ್ಟರ್ ಮೊದಲನೆಯದು, ನಂತರ ಕ್ಲೆಬ್ಸಿಯೆಲ್ಲಾ. ಇ. ಕೋಲೈ ಕೂಡ ಗಣನೀಯ ಪ್ರಮಾಣದಲ್ಲಿತ್ತು. ಅಸಿನೆಟೊಬ್ಯಾಕ್ಟರ್‌ಗಳಲ್ಲಿ ನೂರಕ್ಕೆ 82ರಷ್ಟು ಹಲವು ವರ್ಗದ ಔಷಧಗಳಿಗೆ ಜಗ್ಗದಂಥವು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಆ ಅಧ್ಯಯನದ ಇನ್ನೊಂದು ಸಂಗತಿ. ಸೋಂಕಿನ ಮೂರರಲ್ಲಿ ಸುಮಾರು ಎರಡು ಪಾಲು ಮೊದಲ 72 ಗಂಟೆಗಳೊಳಗೇ ಕಾಣಿಸಿಕೊಂಡಿದ್ದವು. ಆದರೆ ಆ ಬ್ಯಾಕ್ಟೀರಿಯಾಗಳು ಆಸ್ಪತ್ರೆಯಲ್ಲಿ ಹಬ್ಬುವ ಜಾತಿಯವೇ ಆಗಿದ್ದವು. ಬೇಗ ಬಂದದ್ದು ತಾಯಿಯಿಂದ, ತಡವಾಗಿ ಬಂದದ್ದು ಆಸ್ಪತ್ರೆಯಿಂದ ಎಂಬ ಪಠ್ಯಪುಸ್ತಕದ ವಿಂಗಡಣೆ ನಮ್ಮ ಕಿಕ್ಕಿರಿದ ಹೆರಿಗೆ ವಾರ್ಡುಗಳಲ್ಲಿ ನಿಲ್ಲುವುದಿಲ್ಲ. ಹುಟ್ಟಿದ ಮೊದಲ ಗಂಟೆಗಳಲ್ಲೇ ಮಗು ಹೆರಿಗೆ ಕೋಣೆಯ ಟೇಬಲ್ಲಿನಿಂದ, ಕತ್ತರಿಯಿಂದ, ಕೈಗಳಿಂದ ಆ ಬ್ಯಾಕ್ಟೀರಿಯಾಗಳನ್ನು ಪಡೆಯುತ್ತಿರಬಹುದು.

ಇದರ ಪರಿಣಾಮ ಔಷಧದ ಆಯ್ಕೆಯ ಮೇಲೆ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸಾಲಿನ ಚಿಕಿತ್ಸೆಯಾಗಿ ಹೇಳುವುದು ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್. ನಮ್ಮ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಇವು ಕೆಲಸ ಮಾಡದೆ ಇನ್ನೂ ಪ್ರಬಲವಾದ ಮೆರೊಪೆನೆಮ್‌ಗೆ, ಅಲ್ಲಿಂದ ಕೊನೆಯ ಅಸ್ತ್ರವಾದ ಕೊಲಿಸ್ಟಿನ್‌ಗೆ ಏರುವುದು ದಿನನಿತ್ಯದ ಸಂಗತಿಯಾಗಿದೆ. ಹಾಗಾಗಿ ಮೂಲ ಪ್ರಶ್ನೆ ಕೇಳಿದವರ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. 36ರಿಂದ 48 ಗಂಟೆಗಳಲ್ಲಿ ಕಲ್ಚರ್ ಬೆಳೆಯದೆ, ಮಗು ಚೆನ್ನಾಗಿ ಹಾಲು ಕುಡಿಯುತ್ತ, ಸಿಆರ್‌ಪಿ ಎರಡು ಬಾರಿಯೂ ಸಹಜವಾಗಿದ್ದರೆ ಪ್ರತಿಜೀವಕವನ್ನು ನಿಲ್ಲಿಸುವ ಧೈರ್ಯ ಬೇಕು. ಇರಲಿ ಎಂದು ಏಳು ದಿನ ಮುಂದುವರಿಸುವ ರೂಢಿಯಿಂದ ಮಗುವಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ, ಪಕ್ಕದ ತೊಟ್ಟಿಲಿನ ಮಗುವಿಗೂ ನಾಳೆ ಔಷಧ ಸಿಗದಂತಾಗುತ್ತದೆ.

ಶಿಶುವೈದ್ಯ_ಮೈಸೂರು

ನಿಲ್ಲಿಸುವ ಧೈರ್ಯ ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಈ ಚರ್ಚೆಯಲ್ಲಿ ಹೇಳಿದ ಮಗು ಬಂದಾಗಲೇ ತಣ್ಣಗಾಗಿ, ಕಣ್ಣು ಬಿಡದ ಸ್ಥಿತಿಯಲ್ಲಿತ್ತು. ಅಂಥ ಮಗುವಿನಲ್ಲಿ ಕಲ್ಚರ್ ನೆಗೆಟಿವ್ ಬಂದರೂ ಚಿಕಿತ್ಸೆ ಪೂರ್ತಿಗೊಳಿಸುವುದು ಸರಿಯಾದ ನಿರ್ಧಾರ. ಚೆನ್ನಾಗಿರುವ ಮಗುವಿಗೆ ಕೇವಲ ಅಪಾಯದ ಅಂಶಗಳಿವೆಯೆಂಬ ಕಾರಣಕ್ಕೆ ಆರಂಭಿಸಿದ ಔಷಧ ಬೇರೆ, ಕಾಯಿಲೆ ಬಿದ್ದ ಮಗುವಿಗೆ ಕೊಡುವ ಔಷಧ ಬೇರೆ. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸಿಆರ್‌ಪಿ ಬಗ್ಗೆಯೂ ಒಂದು ಎಚ್ಚರಿಕೆ. ಸೋಂಕು ಆರಂಭವಾಗಿ ಕೆಲವು ಗಂಟೆಗಳಾದ ಮೇಲೆಯೇ ಅದು ಏರುತ್ತದೆ. ಮಗು ಬಂದ ತಕ್ಷಣ ಮಾಡಿಸಿದ ಒಂದು ಸಹಜ ವರದಿಯನ್ನು ನಂಬಿ ಮನೆಗೆ ಕಳುಹಿಸುವುದು ಅಪಾಯಕರ.

ಆಶಾ_ರಾಯಚೂರು

ದೊಡ್ಡ ಆಸ್ಪತ್ರೆಯ ವಿಚಾರ ನೀವೆಲ್ಲ ಬರೆದಿದ್ದೀರಿ. ಮಗು ಅಲ್ಲಿಗೆ ಮುಟ್ಟುವ ಮೊದಲಿನ ವಿಚಾರ ನಾನು ಬರೆಯುತ್ತೇನೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ನಾವು ಆಶಾ ಕಾರ್ಯಕರ್ತೆಯರು ಮನೆಗೆ ಹೋಗಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಹೋಗಬೇಕು. ತೂಕ ನೋಡುತ್ತೇವೆ, ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತೇವೆ, ಮಗು ಸುಮ್ಮನಿರುವಾಗ ಹೊಟ್ಟೆಯ ಏರಿಳಿತ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತೇವೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ತಪ್ಪಾಗುತ್ತದೆ, ಏಕೆಂದರೆ ಹಸುಗೂಸು ಒಂದು ಗಳಿಗೆ ವೇಗವಾಗಿ, ಒಂದು ಗಳಿಗೆ ನಿಧಾನವಾಗಿ ಉಸಿರಾಡುತ್ತದೆ. ಅರವತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸುತ್ತೇವೆ.

ಹೊಕ್ಕುಳಿಗೆ ಬೂದಿ, ಅರಿಶಿನ, ಎಣ್ಣೆ, ಕೆಲವು ಕಡೆ ಸಗಣಿಯ ಬೂದಿ ಹಚ್ಚುವುದು ನಮ್ಮ ಭಾಗದಲ್ಲಿ ಇನ್ನೂ ಇದೆ. ಏನೂ ಹಚ್ಚದೆ ಒಣಗಲು ಬಿಡಿ ಎಂದು ಹೇಳಿದರೆ, ‘ಏನೂ ಮಾಡದೆ ಇರುವುದೂ ಒಂದು ಆರೈಕೆಯೇ?’ ಎಂದು ಅತ್ತೆಯಂದಿರು ಕೇಳುತ್ತಾರೆ. ಎಣ್ಣೆ ನೀರು ಹಾಕುವ ಅಜ್ಜಿಯರು ಮೂಗಿಗೂ ಕಿವಿಗೂ ಎಣ್ಣೆ ಬಿಡುತ್ತಾರೆ. ಅದು ಶ್ವಾಸಕೋಶಕ್ಕೆ ಇಳಿದರೆ ಉಸಿರಿನ ತೊಂದರೆ ತಪ್ಪಿದ್ದಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಬರೆ ಹಾಕುವುದು. ಮಗು ಹಾಲು ಬಿಟ್ಟರೆ, ಹೊಟ್ಟೆ ಉಬ್ಬಿದರೆ ಬಾಲಗ್ರಹವೆಂದು ಹೊಟ್ಟೆಯ ಮೇಲೆ ಕಾದ ಬಳೆಯ ಚೂರಿನಿಂದಲೋ ಊದುಬತ್ತಿಯಿಂದಲೋ ಸುಡುತ್ತಾರೆ. ಈಗಾಗಲೇ ಸೋಂಕಿರುವ ಮಗುವಿನ ಚರ್ಮದಲ್ಲಿ ಬ್ಯಾಕ್ಟೀರಿಯಾಗೆ ಇನ್ನೊಂದು ಬಾಗಿಲು ತೆರೆದಂತೆ ಅದು, ಜೊತೆಗೆ ಆಸ್ಪತ್ರೆಗೆ ಹೋಗಬೇಕಾದ ಅಮೂಲ್ಯ ಹೊತ್ತೂ ಕಳೆದುಹೋಗುತ್ತದೆ. ನಾನು ಬೈಯುವುದಿಲ್ಲ. ಬೈದರೆ ಮುಂದಿನ ಸಲ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಮಗು ಹಾಲು ಬಿಟ್ಟಿದೆ ಎಂದು ಮೊದಲು ನನಗೆ ಹೇಳಿ ಕಳುಹಿಸಿರಿ, ಆಮೇಲೆ ದೇವರಿಗೆ ಹರಕೆ ಹೊರಿರಿ ಎಂದು ಕೈ ಹಿಡಿದು ಹೇಳುತ್ತೇನೆ.

108ಕ್ಕೆ ಕರೆ ಮಾಡಿದರೆ ಹಣ ಕೊಡಬೇಕಿಲ್ಲ, ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ರಕ್ತ ಎಲ್ಲವೂ ಉಚಿತ ಎಂಬುದು ಇವತ್ತಿಗೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಸಾಲ ಸಿಗುವವರೆಗೆ ಕಾದು ಕುಳಿತು ರಾತ್ರಿ ಕಳೆದವರನ್ನು ನೋಡಿದ್ದೇನೆ.

ಕೃಷ್ಣೆಯ_ದಂಡೆ

ಆಶಾ ಅಕ್ಕನವರ ಮಾತು ಓದಿ ಒಂದು ಪ್ರಶ್ನೆ ಹುಟ್ಟಿತು. ಹತ್ತಿರದ ಜಿಲ್ಲಾಸ್ಪತ್ರೆಗೆ ಎರಡು ಗಂಟೆಯ ದಾರಿಯಿರುವ ಊರುಗಳಲ್ಲಿ ಮೊದಲ ಇಂಜೆಕ್ಷನ್ ಊರಲ್ಲೇ ಕೊಡುವಂತಿಲ್ಲವೇ? ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಹಾಗೆ ಮಾಡಿದ್ದರೆಂದು ಕೇಳಿದ್ದೇನೆ.

ಶಿಶುವೈದ್ಯ_ಮೈಸೂರು

ಸರಿಯಾಗಿ ಕೇಳಿದ್ದೀರಿ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ‘ಸರ್ಚ್’ ಸಂಸ್ಥೆ ಗಡಚಿರೋಲಿಯ ಹಳ್ಳಿಗಳಲ್ಲಿ ಸ್ಥಳೀಯ ಮಹಿಳೆಯರಿಗೆ ತರಬೇತಿ ಕೊಟ್ಟು, ಸೆಪ್ಸಿಸ್ ಲಕ್ಷಣಗಳಿರುವ ಮಗುವಿಗೆ ಮನೆಯಲ್ಲೇ ಜೆಂಟಾಮೈಸಿನ್ ಇಂಜೆಕ್ಷನ್ ಮತ್ತು ಬಾಯಿಯ ಮೂಲಕ ಕೋಟ್ರೈಮಾಕ್ಸಜೋಲ್ ಕೊಡುವ ಪದ್ಧತಿಯನ್ನು ನಡೆಸಿತು. ಅದರ ಫಲಿತಾಂಶ 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಮೂರನೆಯ ವರ್ಷದಲ್ಲಿ ನವಜಾತ ಶಿಶುಗಳ ಸಾವು ಶೇಕಡಾ 62ರಷ್ಟು ತಗ್ಗಿತ್ತು. ಇಂದು ಆಶಾ ಕಾರ್ಯಕರ್ತೆಯರು ಮಾಡುವ ಮನೆಭೇಟಿಯ ಬೇರು ಅಲ್ಲಿಯೇ ಇದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ, ಆಸ್ಪತ್ರೆಗೆ ಸೇರಿಸಲು ಸಾಧ್ಯವೇ ಇಲ್ಲದ ಕಡೆ ಎರಡು ತಿಂಗಳೊಳಗಿನ ಮಕ್ಕಳಿಗೆ ಹೊರರೋಗಿಯಾಗಿ ಜೆಂಟಾಮೈಸಿನ್ ಇಂಜೆಕ್ಷನ್ ಮತ್ತು ಬಾಯಿಯ ಮೂಲಕ ಅಮಾಕ್ಸಿಸಿಲಿನ್ ಕೊಡಬಹುದೆಂದು ಮಾರ್ಗಸೂಚಿ ಹೊರಡಿಸಿತು.

ಆದರೆ ಇದು ಆಸ್ಪತ್ರೆಗೆ ಬದಲಿಯಲ್ಲ. ಫಿಟ್ಸ್ ಬಂದ, ಪ್ರಜ್ಞೆ ತಪ್ಪಿದ, ಹಾಲನ್ನೇ ಕುಡಿಯಲಾಗದ ಮಗುವಿಗೆ ಇದು ಸಾಲದು. ಸಾಧ್ಯವಿದ್ದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲ ಡೋಸ್ ಕೊಡಿಸಿ, ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು, ಮೇಲೆ ಬಟ್ಟೆ ಹೊದ್ದು ಹೊರಡುವುದೇ ಸರಿಯಾದ ಪ್ರಯಾಣ. ಆಂಬುಲೆನ್ಸಿನಲ್ಲಿ ಮಗು ತಣ್ಣಗಾಗಿ ಬಂದರೆ ಅರ್ಧ ಯುದ್ಧ ಅಲ್ಲೇ ಸೋತಂತೆ.

ಮಗುವನ್ನು ಹೀಗೆ ಎದೆಗೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯ ಬಗ್ಗೆ ನನಗೆ ಬಹಳ ಒಲವು. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಕಡಿಮೆ ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕಟ್ಟಿದಾಗ ಮೊದಲ 28 ದಿನಗಳ ಸಾವು ಶೇಕಡಾ 25ರಷ್ಟು ಕಡಿಮೆಯಾಯಿತು. ಸೆಪ್ಸಿಸ್ ಕೂಡ ಕಡಿಮೆಯಾಯಿತು. ತಾಯಿಯ ಚರ್ಮದ ಸಾಮಾನ್ಯ ಬ್ಯಾಕ್ಟೀರಿಯಾಗಳು ಮಗುವಿನ ಮೈಯಲ್ಲಿ ಮೊದಲು ನೆಲೆಸಿದರೆ ಆಸ್ಪತ್ರೆಯವಕ್ಕೆ ಜಾಗ ಸಿಗುವುದು ಕಷ್ಟ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೂ ವಿಸ್ತರಿಸುವ ಕೆಲಸ ನಡೆದಿದೆ ಎಂಬುದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ವಿಷಯ.

ಮ್ಯಾಂಚೆಸ್ಟರ್_ಕನ್ನಡತಿ

ನಾನು ಇಲ್ಲಿ ಗರ್ಭಿಣಿಯಾಗಿದ್ದೇನೆ. ಅಮೆರಿಕದಲ್ಲಿರುವ ಗೆಳತಿಗೆ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಪರೀಕ್ಷೆ ಮಾಡಿಸಿದ್ದಾರೆ, ನನಗೆ ಇಲ್ಲಿ ಎಲ್ಲರಿಗೂ ಮಾಡುವುದಿಲ್ಲ ಎಂದರು. ಊರಲ್ಲಿರುವ ಅಕ್ಕನಿಗಂತೂ ಅದರ ಹೆಸರೇ ಗೊತ್ತಿಲ್ಲ. ಈ ವ್ಯತ್ಯಾಸ ಏಕೆ?

ಸೂಕ್ಷ್ಮದರ್ಶಿ

ಆ ಬ್ಯಾಕ್ಟೀರಿಯಾ ಪಶ್ಚಿಮದ ದೇಶಗಳಲ್ಲಿ ಮೊದಲ ದಿನಗಳ ಸೆಪ್ಸಿಸ್‌ಗೆ ಮುಖ್ಯ ಕಾರಣ. ಅಮೆರಿಕದಲ್ಲಿ 1996ರಲ್ಲಿ ಮಾರ್ಗಸೂಚಿ ಬಂದು, 2002ರಿಂದ ಎಲ್ಲ ಗರ್ಭಿಣಿಯರ ಪರೀಕ್ಷೆ ಆರಂಭವಾಯಿತು. ಬ್ಯಾಕ್ಟೀರಿಯಾ ಇದ್ದವರಿಗೆ ಹೆರಿಗೆಯ ನೋವು ಆರಂಭವಾದ ಮೇಲೆ ಪೆನಿಸಿಲಿನ್ ಕೊಡುತ್ತಾರೆ. 1990ರಲ್ಲಿ ಸಾವಿರ ಜನನಗಳಿಗೆ ಸುಮಾರು 1.8 ಇದ್ದ ಈ ಸೋಂಕು 2015ರ ಹೊತ್ತಿಗೆ 0.23ಕ್ಕೆ ಇಳಿಯಿತು. ಬ್ರಿಟನ್ನಿನಲ್ಲಿ ಎಲ್ಲರ ಪರೀಕ್ಷೆಯ ಬದಲು, ಹಿಂದಿನ ಮಗುವಿಗೆ ಈ ಸೋಂಕಾಗಿದ್ದರೆ, ಅವಧಿಪೂರ್ವ ಹೆರಿಗೆಯಾಗುತ್ತಿದ್ದರೆ, ತಾಯಿಗೆ ಜ್ವರವಿದ್ದರೆ ಪ್ರತಿಜೀವಕ ಕೊಡುವ ಕ್ರಮವಿದೆ. ನಿಮಗೆ ಇಂಥ ಅಂಶಗಳೇನಾದರೂ ಇದ್ದರೆ ನಿಮ್ಮ ಮಿಡ್‌ವೈಫ್‌ಗೆ ಈಗಲೇ ತಿಳಿಸಿ. ಹೆರಿಗೆಯ ವೇಳೆ ಕೊಡುವ ಪೆನಿಸಿಲಿನ್ ಮೊದಲ ವಾರದ ಸೋಂಕನ್ನು ತಡೆಯುತ್ತದೆಯೇ ಹೊರತು, ಆಮೇಲೆ ಬರುವ ಸೋಂಕನ್ನಲ್ಲ ಎಂಬುದೂ ನೆನಪಿರಲಿ. ಭಾರತದ ಆಸ್ಪತ್ರೆಗಳಲ್ಲಿ ಇದರ ಪಾಲು ಚಿಕ್ಕದು, ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್‌ಗಳದೇ ದೊಡ್ಡದು. ಆದ್ದರಿಂದ ಇಲ್ಲಿ ಹಣ ಮತ್ತು ಗಮನ ಮೊದಲು ಹೋಗಬೇಕಾದುದು ಹೆರಿಗೆ ಕೋಣೆಯ ನಲ್ಲಿ, ಸೋಪು ಮತ್ತು ದಾದಿಯರ ಸಂಖ್ಯೆಯ ಕಡೆಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೃಷ್ಣೆಯ_ದಂಡೆ

ಒಡಿಶಾದಲ್ಲಿ ಪ್ರೊಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ) ಕೊಟ್ಟು ಸೆಪ್ಸಿಸ್ ತಡೆದರು ಎಂಬ ಸುದ್ದಿಯಿತ್ತು. ಔಷಧದ ಅಂಗಡಿಯಲ್ಲಿ ಸಿಗುವ ಪುಡಿಯನ್ನು ಮನೆಯಲ್ಲಿ ಕೊಡಬಹುದೇ?

ಶಿಶುವೈದ್ಯ_ಮೈಸೂರು

ಕೊಡಬೇಡಿ. ಒಡಿಶಾದ ಹಳ್ಳಿಗಳಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಆ ಪರೀಕ್ಷೆ ನಿಜವಾಗಿಯೂ ಮಹತ್ವದ್ದು. ಸೆಪ್ಸಿಸ್ ಅಥವಾ ಸಾವಿಗೆ ಗುರಿಯಾದವರ ಪ್ರಮಾಣ ಶೇಕಡಾ 9ರಿಂದ 5.4ಕ್ಕೆ ಇಳಿಯಿತು. ಆದರೆ ಅಲ್ಲಿ ಬಳಸಿದ್ದು ಒಂದು ನಿರ್ದಿಷ್ಟ ಲ್ಯಾಕ್ಟೊಬ್ಯಾಸಿಲಸ್ ತಳಿ ಮತ್ತು ಅದರ ಆಹಾರವಾದ ಸಕ್ಕರೆ, ಅದೂ ಎರಡು ಕೆ.ಜಿ.ಗಿಂತ ಕಡಿಮೆಯಿಲ್ಲದ, ಎದೆಹಾಲು ಕುಡಿಯುವ ಮಕ್ಕಳಿಗೆ. ಅಂಗಡಿಯ ಪುಡಿಯಲ್ಲಿರುವುದು ಅದೇ ಅಲ್ಲ. ಅವಧಿಪೂರ್ವ ಮಕ್ಕಳಲ್ಲಿ ಪ್ರೊಬಯೋಟಿಕ್ ಬ್ಯಾಕ್ಟೀರಿಯಾವೇ ರಕ್ತಕ್ಕೆ ಸೇರಿ ಅಪಾಯವಾದದ್ದುಂಟು, 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟಿದೆ. ಹುಟ್ಟಿದ ಒಂದು ಗಂಟೆಯೊಳಗೆ ಹಳದಿ ಹಾಲು, ಆರು ತಿಂಗಳು ಎದೆಹಾಲು ಮಾತ್ರ, ಇದಕ್ಕಿಂತ ಮೇಲಾದ ಪುಡಿ ಅಂಗಡಿಯಲ್ಲಿಲ್ಲ.

ಬಯಲುಸೀಮೆ_ಓದುಗಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ತಂಗಿಗೂ ಅವಳ ಅತ್ತೆಗೂ ಓದಿ ಹೇಳಿದೆ. ಅವರ ಕೊನೆಯ ಪ್ರಶ್ನೆ: ಮಗು ಈಗ ಚೆನ್ನಾಗಿದೆ, ಇನ್ನು ಮುಂದೆ ಏನಾದರೂ ನೋಡಿಕೊಳ್ಳಬೇಕೇ? ಚುಚ್ಚುಮದ್ದು ಹಾಕಿಸಬಹುದೇ?

ಶಿಶುವೈದ್ಯ_ಮೈಸೂರು

ಚುಚ್ಚುಮದ್ದನ್ನು ಹುಟ್ಟಿದ ದಿನದಿಂದ ಲೆಕ್ಕ ಹಾಕಿ ವೇಳಾಪಟ್ಟಿಯಂತೆಯೇ ಹಾಕಿಸಿ. ಆಸ್ಪತ್ರೆಯಲ್ಲಿದ್ದ ಕಾರಣಕ್ಕೆ ಬಿಸಿಜಿ ಅಥವಾ ಹೆಪಟೈಟಿಸ್ ಬಿ ತಪ್ಪಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ. ಶ್ರವಣ ಪರೀಕ್ಷೆಯನ್ನು ಖಂಡಿತ ಮಾಡಿಸಬೇಕು, ಏಕೆಂದರೆ ಮೆದುಳುಪೊರೆಯ ಸೋಂಕಿನಿಂದಲೂ, ಜೆಂಟಾಮೈಸಿನ್ ಮತ್ತು ಅಮಿಕಾಸಿನ್‌ಗಳಿಂದಲೂ ಕಿವಿಗೆ ತೊಂದರೆಯಾಗಬಹುದು. ಮೂರು ತಿಂಗಳೊಳಗೆ ಪತ್ತೆಯಾದರೆ ಮಾತು ಕಲಿಯುವ ಕಾಲಕ್ಕೆ ಮುನ್ನ ಪರಿಹಾರ ಸಿಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಾದ್ದರಿಂದ ಕಣ್ಣಿನ ಅಕ್ಷಿಪಟದ ಪರೀಕ್ಷೆ ಬೇಕೇ ಎಂದು ಬಿಡುಗಡೆ ಪತ್ರ ತೋರಿಸಿ ಕೇಳಿ. ಎರಡು ಕೆ.ಜಿ.ಗಿಂತ ಕಡಿಮೆ ತೂಕವಿದ್ದರೆ ಅಥವಾ 34 ವಾರಗಳೊಳಗೆ ಹುಟ್ಟಿದ್ದರೆ ನಾಲ್ಕನೆಯ ವಾರದ ಹೊತ್ತಿಗೆ ಅದು ಆಗಲೇಬೇಕು, ಸೆಪ್ಸಿಸ್ ಆದ ಮಗುವಿನಲ್ಲಿ ಅಕ್ಷಿಪಟದ ತೊಂದರೆಯ ಸಂಭವ ಹೆಚ್ಚು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯ ತಂಡಗಳು ಜಿಲ್ಲೆಗಳ ಶಿಶು ಘಟಕಗಳಿಗೇ ಕ್ಯಾಮೆರಾ ಒಯ್ದು ಈ ಪರೀಕ್ಷೆ ಮಾಡುತ್ತವೆ, ನಿಮ್ಮ ಘಟಕಕ್ಕೆ ಬರುವ ದಿನವನ್ನು ವಿಚಾರಿಸಿ. ಕುತ್ತಿಗೆ ನಿಲ್ಲುವುದು, ಮುಖ ನೋಡಿ ನಗುವುದು, ಮಗ್ಗಲು ಬದಲಿಸುವುದು ತಡವಾಗುತ್ತಿದೆ ಎನಿಸಿದರೆ ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರದಲ್ಲಿ ಉಚಿತವಾಗಿ ತೋರಿಸಬಹುದು. ಮಗುವಿಗೆ ಎಷ್ಟು ವಾರ ತುಂಬಿದೆ ಎಂದು ಇಲ್ಲಿ ಬರೆದರೆ ಯಾವುದನ್ನು ಮೊದಲು ಮಾಡಿಸಬೇಕೆಂದು ಹೇಳುತ್ತೇನೆ.

ಬಯಲುಸೀಮೆ_ಓದುಗಿ

ಐದು ವಾರ ತುಂಬಿದೆ. ಹುಟ್ಟಿದ್ದು 33 ವಾರಕ್ಕೆ.

ಶಿಶುವೈದ್ಯ_ಮೈಸೂರು

ಹಾಗಾದರೆ ಕಣ್ಣಿನ ಪರೀಕ್ಷೆಗೆ ಈಗಾಗಲೇ ತಡವಾಗಿದೆ. ಬಿಡುಗಡೆ ಪತ್ರದಲ್ಲಿ ಅದು ಆಗಿದೆಯೆಂದು ಬರೆದಿಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ಘಟಕಕ್ಕೆ ಕರೆದುಕೊಂಡು ಹೋಗಿ. ಕಿವಿಯ ಪರೀಕ್ಷೆಗೆ ಅದೇ ಭೇಟಿಯಲ್ಲಿ ದಿನ ಗೊತ್ತುಮಾಡಿಸಿಕೊಳ್ಳಿ.